ಹೈಡ್ರಾಲಿಕ್ ಸಸ್ಪೆನ್ಷನ್ ಇರುವ ಹಳೆಯ ಕಾರು: ಬಿಚ್ಚುವ ಮುನ್ನ ಅಳೆಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಕಳೆದ ವಾರ ಓದುಗರೊಬ್ಬರ ಪ್ರಶ್ನೆಗೆ ಪ್ರಕಟವಾದ ಉತ್ತರವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಹೈಡ್ರಾಲಿಕ್ ಸಸ್ಪೆನ್ಷನ್ (ಎಣ್ಣೆಯ ಒತ್ತಡದಿಂದ ಕಾರನ್ನು ಚಕ್ರಗಳ ಮೇಲೆ ಎತ್ತಿ ಹಿಡಿಯುವ ವ್ಯವಸ್ಥೆ) ಇರುವ ತಮ್ಮ ಹಳೆಯ ಸಿಟ್ರೊಯೆನ್ ಕಾರು ರಾತ್ರಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ನೆಲದತ್ತ ಕುಸಿದಿರುತ್ತದೆ, ಓಡಿಸುವಾಗಲೂ ಗಡುಸಾಗಿದೆ, ಏನು ಮಾಡಬೇಕು ಎಂದು ಅವರು ಕೇಳಿದ್ದರು. ಇಂಥ ಗಾಡಿಗಳ ದೋಷ ಪತ್ತೆ ಮಾಡುವವರು ಬೆಂಗಳೂರಿನಲ್ಲಿ ಇಲ್ಲ, ಹೈಡ್ರಾಲಿಕ್ ವ್ಯವಸ್ಥೆ ತೆಗೆಸಿ ಸಾಮಾನ್ಯ ಸ್ಪ್ರಿಂಗ್ ಹಾಕಿಸಿಕೊಳ್ಳಿ, ಆಗದಿದ್ದರೆ ಮಾರಿಬಿಡಿ ಎಂಬ ಅರ್ಥದ ಉತ್ತರ ಬಂದಿತ್ತು. ಈ ಉತ್ತರ ತಪ್ಪು ಮಾತ್ರವಲ್ಲ, ಸ್ಪ್ರಿಂಗ್ ಹಾಕಿಸುವ ಸಲಹೆ ಅಪಾಯಕಾರಿಯೂ ಹೌದು. ಅದನ್ನು ಹಾಗೆಯೇ ಬಿಟ್ಟರೆ ಯಾರಾದರೂ ಪಾಲಿಸಿಬಿಟ್ಟಾರು ಎಂಬ ಆತಂಕದಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಸ್ಥಳಾವಕಾಶ ಮಾಡಿಕೊಡಬೇಕೆಂದು ವಿನಂತಿ.

ನಾನು ವೃತ್ತಿಯಿಂದ ಕಾರು ಮೆಕ್ಯಾನಿಕ್ ಅಲ್ಲ. ಯಂತ್ರೋಪಕರಣ ಕಾರ್ಖಾನೆಯೊಂದರ ಹೈಡ್ರಾಲಿಕ್ ನಿರ್ವಹಣಾ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಗ್ರೈಂಡಿಂಗ್ ಯಂತ್ರದ ಟೇಬಲ್ಲನ್ನು ಎಣ್ಣೆಯ ಒತ್ತಡದಿಂದ ಹಿಂದೆ ಮುಂದೆ ಸರಿಸುವ ವ್ಯವಸ್ಥೆಯಲ್ಲಿ ಪಂಪು, ರೆಗ್ಯುಲೇಟರ್, ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್, ಕೂದಲೆಳೆಯಷ್ಟೂ ಸಂದಿಯಿಲ್ಲದೆ ಜಾರುವ ವಾಲ್ವ್ ಇವೆಲ್ಲ ಇರುತ್ತವೆ. ನನ್ನ ಭಾವ 1990ರ ದಶಕದಲ್ಲಿ ಇಂಗ್ಲೆಂಡಿನಿಂದ ಮರಳುವಾಗ ತಮ್ಮ ಸಿಟ್ರೊಯೆನ್ ಬಿಎಕ್ಸ್ ಕಾರನ್ನು ಜೊತೆಗೇ ತಂದರು. ಅದರ ಬಾನೆಟ್ ಎತ್ತಿ ಮೊದಲ ಸಲ ನೋಡಿದಾಗ ನನ್ನ ಕೆಲಸದ ಯಂತ್ರಕ್ಕೆ ಚಕ್ರ ಜೋಡಿಸಿದಂತೆ ಕಂಡಿತು. 1982ರಿಂದ 1994ರವರೆಗೆ ತಯಾರಾದ ಈ ಮಾದರಿ 23 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ, ಯೂರೋಪಿನ ಮಧ್ಯಮ ವರ್ಗದ ಮನೆಗಳು ದಿನನಿತ್ಯ ಬಳಸಿದ ಗಾಡಿ. ಪಾಲ್ ಮಾಜೆಸ್ ಎಂಬ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1954ರಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಬಂದು, 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ವಿಸ್ತರಿಸಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಕ್ಷಗಟ್ಟಲೆ ಕಾರುಗಳಲ್ಲಿ ಕೆಲಸ ಮಾಡಿದ ವ್ಯವಸ್ಥೆಯನ್ನು ರಿಪೇರಿಗೆ ಒಗ್ಗದ ಮಾಯಾಯಂತ್ರವೆಂದು ಬಗೆಯುವುದು ಸರಿಯಲ್ಲ.

ಅದು ಕೆಲಸ ಮಾಡುವ ಬಗೆ ಸರಳವಾಗಿದೆ. ಪ್ರತಿ ಚಕ್ರಕ್ಕೂ ಒಂದು ಉಕ್ಕಿನ ಗೋಳವಿದ್ದು, ಅದರೊಳಗಿನ ರಬ್ಬರ್ ಪೊರೆಯ ಒಂದು ಬದಿಯಲ್ಲಿ ನೈಟ್ರೋಜನ್, ಇನ್ನೊಂದು ಬದಿಯಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಆದ್ದರಿಂದ ಸ್ಪ್ರಿಂಗಿನ ಕೆಲಸವನ್ನು ಅನಿಲವೂ, ಶಾಕ್ ಅಬ್ಸಾರ್ಬರ್‌ನ ಕೆಲಸವನ್ನು ಗೋಳದ ಕುತ್ತಿಗೆಯಲ್ಲಿರುವ ಪುಟ್ಟ ವಾಲ್ವೂ ಮಾಡುತ್ತವೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ. ರೆಗ್ಯುಲೇಟರ್ ಆ ಒತ್ತಡವನ್ನು ಸುಮಾರು 145ರಿಂದ 170 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ನಡುವೆ ಹಿಡಿದಿಡುತ್ತದೆ. ಅಕ್ಯುಮುಲೇಟರ್ ಎಂಬ ಐದನೆಯ ಗೋಳ ಆ ಒತ್ತಡವನ್ನು ಕೂಡಿಟ್ಟುಕೊಳ್ಳುತ್ತದೆ. ಮುಂದೊಂದು, ಹಿಂದೊಂದು ಇರುವ ಎತ್ತರದ ವಾಲ್ವುಗಳು ಕಾರು ತಗ್ಗಿದರೆ ಎಣ್ಣೆ ಒಳಬಿಟ್ಟು, ಏರಿದರೆ ಹೊರಬಿಟ್ಟು ಸಮ ಮಾಡುತ್ತವೆ. ಇಷ್ಟನ್ನು ತಿಳಿದ ಯಾವ ಮೇಸ್ತ್ರಿಗೂ ಮುಂದಿನದು ಕಷ್ಟವಲ್ಲ.

ಆದರೆ ನಮ್ಮ ಭಾವನವರ ಕಾರಿಗೆ ಆದದ್ದೇ ಬೇರೆ. ರಸ್ತೆಯ ಹಂಪುಗಳಲ್ಲಿ ಹಿಂಬದಿ ಧಡ್ ಎಂದು ಬಡಿಯತೊಡಗಿದಾಗ ಅವರು ಅದನ್ನು ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ ಯಾರೂ ಏನನ್ನೂ ಅಳೆಯಲಿಲ್ಲ, ಹಿಂದಿನ ಎರಡೂ ಗೋಳ ಹೋಗಿವೆ ಎಂದರು. ಅಕ್ಕನ ಮಗಳು ಇಂಗ್ಲೆಂಡಿನಿಂದ ಬರುವಾಗ ಹೊಸ ಗೋಳಗಳನ್ನು ತಂದಳು, ಜೋಡಿಸಿದ್ದಾಯಿತು, ಬಡಿತ ಹಾಗೆಯೇ ಉಳಿಯಿತು. ಎರಡನೆಯ ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಎಣ್ಣೆಯ ಟ್ಯಾಂಕಿನ ಮಟ್ಟ ಕಡಿಮೆ ಕಂಡ ಹುಡುಗ, ಕೇಳದೆಯೇ, ಕೈಗೆ ಸಿಕ್ಕ ಮಾಮೂಲಿ ಬ್ರೇಕ್ ಆಯಿಲ್ ಸುರಿದುಬಿಟ್ಟ. ಈ ಕಾರುಗಳಿಗೆ ಬೇಕಾದದ್ದು ಎಲ್‌ಎಚ್‌ಎಂ ಎಂಬ ಹಸಿರು ಬಣ್ಣದ ಖನಿಜ ತೈಲ. ಬ್ರೇಕ್ ಆಯಿಲ್ ಸೇರಿದರೆ ಆ ತೈಲಕ್ಕೆಂದೇ ಮಾಡಿದ ರಬ್ಬರ್ ಸೀಲುಗಳೆಲ್ಲ ಕೆಡುತ್ತವೆ. ಅದೃಷ್ಟಕ್ಕೆ ಎಂಜಿನ್ ಚಾಲೂ ಮಾಡುವ ಮುಂಚೆ ಭಾವನವರು ಬಾಟಲಿಯನ್ನು ಕಂಡು ತಡೆದರು. ಟ್ಯಾಂಕನ್ನು ಬಿಚ್ಚಿ ತೊಳೆಯುವಷ್ಟರಲ್ಲಿ ಮುಗಿಯಿತು, ಇಲ್ಲವಾಗಿದ್ದರೆ ಪಂಪಿನಿಂದ ಬ್ರೇಕಿನವರೆಗೆ ಪ್ರತಿ ಸೀಲನ್ನೂ ಬದಲಿಸಬೇಕಾಗುತ್ತಿತ್ತು. ಸ್ಪ್ರಿಂಗ್ ಹಾಕಿಸಿಬಿಡೋಣ ಸಾರ್ ಎಂಬ ಸಲಹೆ ಬಂದದ್ದು ಮೂರನೆಯ ಗ್ಯಾರೇಜಿನಲ್ಲಿ. ಆಗ ಅವರು ನನಗೆ ಫೋನ್ ಮಾಡಿದರು.

ಸ್ಪ್ರಿಂಗಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಿಎಕ್ಸ್‌ನಂಥ ಕಾರಿನಲ್ಲಿ ಸಸ್ಪೆನ್ಷನ್ನಿಗೂ ಬ್ರೇಕಿಗೂ ಒಂದೇ ಪಂಪು, ಒಂದೇ ಎಣ್ಣೆ. ಅದಕ್ಕಿಂತ ಮುಖ್ಯವಾಗಿ, ಹಿಂದಿನ ಬ್ರೇಕಿಗೆ ಒತ್ತಡ ಬರುವುದು ಹಿಂದಿನ ಸಸ್ಪೆನ್ಷನ್ನಿನ ಎಣ್ಣೆಯಿಂದಲೇ. ಹಿಂದೆ ಭಾರ ಹೆಚ್ಚಿದ್ದಾಗ ಅಲ್ಲಿಯ ಒತ್ತಡವೂ ಹೆಚ್ಚಿ ಬ್ರೇಕ್ ಬಲವಾಗಿ ಹಿಡಿಯಲಿ, ಖಾಲಿ ಇದ್ದಾಗ ಚಕ್ರ ಜಾಮ್ ಆಗಿ ಜಾರದಿರಲಿ ಎಂಬ ಜಾಣ ಏರ್ಪಾಡು ಅದು. ಅಲ್ಲಿ ಸ್ಪ್ರಿಂಗ್ ಕೂರಿಸಿದವರು ಹಿಂದಿನ ಬ್ರೇಕಿನ ಮೂಲವನ್ನೇ ಕತ್ತರಿಸಿದಂತಾಗುತ್ತದೆ. ಅಂಥ ಕಾರನ್ನು ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ನೆನೆದುಕೊಂಡರೆ ನನಗೆ ಭಯವಾಗುತ್ತದೆ.

ಇನ್ನು ಪರೀಕ್ಷೆಯ ವಿಷಯ. ನಾನು ಮೊದಲು ಮಾಡಿದ್ದು ಏನನ್ನೂ ಬಿಚ್ಚದೆ ಕೈಗಡಿಯಾರ ಹಿಡಿದು ಕುಳಿತದ್ದು. ರಾತ್ರಿ ನಿಂತ ಕಾರು ಕುಸಿಯುವುದು ಆ ಕಾಲದ ಮಾದರಿಗಳಲ್ಲಿ ದೋಷವೇ ಅಲ್ಲ ಎಂಬುದನ್ನು ಪ್ರಶ್ನೆ ಕೇಳಿದ ಓದುಗರು ದಯವಿಟ್ಟು ಗಮನಿಸಬೇಕು. ಎತ್ತರದ ವಾಲ್ವಿನೊಳಗೆ ಜಾರುವ ದಂಡಕ್ಕೆ ರಬ್ಬರ್ ಸೀಲ್ ಇರುವುದಿಲ್ಲ. ಲೋಹ ಲೋಹಕ್ಕೆ ಕೂತಿರುವ ಅತಿ ಸಣ್ಣ ಸಂದಿಯಿಂದ ಎಣ್ಣೆ ಹನಿಹನಿಯಾಗಿ ಟ್ಯಾಂಕಿಗೆ ಮರಳುವುದರಿಂದ ಗಂಟೆಗಳು ಕಳೆದಂತೆ ಕಾರು ಇಳಿಯುತ್ತದೆ. 1990ರ ದಶಕದ ಸಿಟ್ರೊಯೆನ್ ಕ್ಸಾಂಟಿಯಾದಂಥ ಕಾರುಗಳಿಗೆ ಇದನ್ನು ತಡೆಯುವ ವಾಲ್ವನ್ನು ಆಮೇಲೆ ಸೇರಿಸಿದರು. ಆದ್ದರಿಂದ ಬೆಳಗ್ಗೆ ಕುಸಿದಿತ್ತೇ ಎಂಬುದಕ್ಕಿಂತ ಎಷ್ಟು ಹೊತ್ತಿನಲ್ಲಿ ಕುಸಿಯಿತು, ಮುಂದೆಯೋ ಹಿಂದೆಯೋ, ಚಾಲೂ ಮಾಡಿದ ಮೇಲೆ ಎಷ್ಟು ಹೊತ್ತಿನಲ್ಲಿ ಎದ್ದಿತು ಎಂಬುದೇ ಮುಖ್ಯ. ಹತ್ತೇ ನಿಮಿಷದಲ್ಲಿ ಒಂದು ತುದಿ ಮಾತ್ರ ಕುಸಿದರೆ ಆ ತುದಿಯ ವಾಲ್ವನ್ನೋ, ಗೋಳಕ್ಕೆ ಎಣ್ಣೆ ತಳ್ಳುವ ಸಿಲಿಂಡರನ್ನೋ ಅನುಮಾನಿಸಬೇಕು. ಎರಡೂ ತುದಿ ಏಳಲು ಸೋಮಾರಿಯಾದರೆ ಪಂಪು, ಬೆಲ್ಟು, ಟ್ಯಾಂಕಿನೊಳಗಿನ ಫಿಲ್ಟರ್, ಇಲ್ಲವೇ ಪಂಪಿಗೆ ಎಣ್ಣೆ ಒಯ್ಯುವ ರಬ್ಬರ್ ಕೊಳವೆಯ ಬಿರುಕನ್ನು ನೋಡಬೇಕು. ಆ ಕೊಳವೆ ಬಿರಿದಿದ್ದರೆ ಎಣ್ಣೆ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ, ಟ್ಯಾಂಕಿನಲ್ಲಿ ನೊರೆ ಕಾಣುತ್ತದೆ. ಕೆಳಗೆ ಒದ್ದೆಯಿಲ್ಲವೆಂದು ನಂಬಿ ಪಂಪನ್ನೇ ಬದಲಿಸುವವರು ಇಲ್ಲಿಯೇ ಎಡವುತ್ತಾರೆ.

ಎರಡನೆಯ ಪರೀಕ್ಷೆ ಕಿವಿಯದು, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಎಂಜಿನ್ ಐಡಲಿಂಗ್‌ನಲ್ಲಿರಲಿ, ಬ್ರೇಕನ್ನೂ ಸ್ಟಿಯರಿಂಗನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಪಂಪಿನ ಎಣ್ಣೆಯನ್ನು ವ್ಯವಸ್ಥೆಗೆ ಕೊಡುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ ‘ಟಕ್’ ಎನ್ನುತ್ತದೆ. ಆರೋಗ್ಯವಂತ ಕಾರಿನಲ್ಲಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಎರಡು ಮೂರು ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತಿದ್ದರೆ ತೊಂದರೆಯಿದೆ ಎಂಬುದನ್ನು ಬಹಳ ಮಂದಿ ಬಲ್ಲರು, ಆದರೆ ತೊಂದರೆ ಎಲ್ಲಿ ಎಂದು ಬಿಡಿಸುವುದಿಲ್ಲ. ಅಕ್ಯುಮುಲೇಟರ್ ತುಂಬುವ ಹೊತ್ತು (ಎಣ್ಣೆ ಕೊಡುವ ಟಕ್‌ನಿಂದ ನಿಲ್ಲಿಸುವ ಟಕ್‌ವರೆಗೆ) ಮತ್ತು ಖಾಲಿಯಾಗುವ ಹೊತ್ತು (ಅಲ್ಲಿಂದ ಮುಂದಿನ ಟಕ್‌ವರೆಗೆ) ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ತುಂಬುವುದೂ ಖಾಲಿಯಾಗುವುದೂ ಎರಡೂ ಕ್ಷಣಾರ್ಧದಲ್ಲಿ ನಡೆದರೆ ಕೂಡಿಡಲು ಜಾಗವೇ ಇಲ್ಲವೆಂದಾಯಿತು, ಅಂದರೆ ಅಕ್ಯುಮುಲೇಟರ್ ಗೋಳದ ನೈಟ್ರೋಜನ್ ಹೋಗಿದೆ. ತುಂಬಲು ಬಹಳ ಹೊತ್ತು ಹಿಡಿದು ಬೇಗನೆ ಖಾಲಿಯಾದರೆ ಗೋಳದ್ದು ತಪ್ಪಲ್ಲ, ಎಣ್ಣೆ ಒಳಗೊಳಗೇ ಎಲ್ಲಿಯೋ ಸೋರಿ ಟ್ಯಾಂಕಿಗೆ ಮರಳುತ್ತಿದೆ ಅಥವಾ ಪಂಪು ದಣಿದಿದೆ. ಕಾರ್ಖಾನೆಯಲ್ಲಿ ನಾವು ಯಂತ್ರಗಳಿಗೆ ದಿನವೂ ಮಾಡುತ್ತಿದ್ದ ಲೆಕ್ಕವೇ ಇದು, ಖರ್ಚು ಒಂದು ಪೈಸೆಯೂ ಇಲ್ಲ.

ನಂತರ ಕಾರಿನ ಪ್ರತಿ ಮೂಲೆಯನ್ನೂ ಎಂಜಿನ್ ಚಾಲೂ ಇದ್ದಾಗಲೇ ಎರಡೂ ಕೈಯಿಂದ ಒತ್ತಿ ನೋಡಬೇಕು. ಅನಿಲವಿರುವ ಗೋಳದ ಮೂಲೆ ಮೆತ್ತಗೆ ತಗ್ಗಿ ಏಳುತ್ತದೆ, ಅನಿಲ ಹೋದ ಗೋಳದ ಮೂಲೆ ಕಲ್ಲಿನ ಕಟ್ಟೆಯಂತೆ ಅಲುಗದೆ ನಿಲ್ಲುತ್ತದೆ. ರಬ್ಬರ್ ಪೊರೆಯ ಮೂಲಕ ನೈಟ್ರೋಜನ್ ವರ್ಷಗಳಲ್ಲಿ ನಿಧಾನವಾಗಿ ನುಸುಳಿ ಹೋಗುವುದು ಸಹಜ, ಹಾಗಾಗಿ ಸವಾರಿ ದಿನದಿನಕ್ಕೆ ಗಡುಸಾಗುವುದು ಮಾಲೀಕರ ಅನುಭವಕ್ಕೇ ಬರುವುದಿಲ್ಲ. ಎತ್ತರದ ವಾಲ್ವಿನ ಪರೀಕ್ಷೆಗೆ ಮನೆಯವರೇ ಸಾಕು. ಮೂವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ಕಾರು ತಗ್ಗಿ, ಕೆಲವು ಸೆಕೆಂಡುಗಳಲ್ಲಿ ತಾನಾಗಿ ಮೊದಲಿನ ಎತ್ತರಕ್ಕೆ ಬರಬೇಕು. ಇಳಿಸಿದರೆ ಒಮ್ಮೆ ಎದ್ದು, ಮತ್ತೆ ಅದೇ ಎತ್ತರಕ್ಕೆ ಕೂರಬೇಕು. ಪ್ರತಿ ಗುಂಡಿಗೂ ಎಣ್ಣೆ ಏರಿಳಿಯದಿರಲೆಂದು ಈ ವಾಲ್ವಿಗೆ ಬೇಕೆಂದೇ ನಿಧಾನದ ಗುಣ ಕೊಟ್ಟಿದ್ದಾರೆ. ಅದನ್ನು ಜಡತನವೆಂದು ತಪ್ಪು ತಿಳಿಯಬಾರದು. ಏರಿದ ಬಳಿಕ ಇಳಿಯದೆ, ಇಳಿದ ಬಳಿಕ ಏರದೆ ಉಳಿದರೆ ವಾಲ್ವಿಗೆ ಜೋಡಿಸಿದ ಸಣ್ಣ ಸರಳು ತುಕ್ಕು ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಎರಡು ಮಳೆಗಾಲ ಕೆಸರುನೀರಿನಲ್ಲಿ ಓಡಿದ ಕಾರಿನಲ್ಲಿ ಇದು ಮಾಮೂಲು. ತಂತಿಯ ಬ್ರಷ್ಷಿನಿಂದ ಉಜ್ಜಿ ಗ್ರೀಸ್ ಹಚ್ಚಿದರೆ ಮುಗಿಯುವ ಕೆಲಸಕ್ಕೆ ಹೊಸ ವಾಲ್ವಿನ ಬೆಲೆ ತೆತ್ತವರನ್ನು ನಾನು ಬಲ್ಲೆ.

ನಮ್ಮ ಭಾವನವರ ಕಾರಿನಲ್ಲಿ ಅಕ್ಯುಮುಲೇಟರ್ ಸತ್ತಿತ್ತು, ಹಿಂದಿನ ಸರಳು ತುಕ್ಕು ಹಿಡಿದಿತ್ತು. ಆದರೆ ಹಂಪಿನಲ್ಲಿ ಬಡಿಯುತ್ತಿದ್ದುದಕ್ಕೆ ಎಣ್ಣೆಗೂ ಅನಿಲಕ್ಕೂ ಸಂಬಂಧವೇ ಇರಲಿಲ್ಲ. ಕಾರಿನ ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿದಾಗ ಹಿಂದಿನ ಎರಡೂ ಚಕ್ರಗಳ ಮೇಲ್ತುದಿ ಒಳಕ್ಕೆ ವಾಲಿರುವುದು ಕಂಡಿತು. ಈ ಮಾದರಿಯಲ್ಲಿ ಹಿಂದಿನ ಚಕ್ರ ಹೊತ್ತ ತೋಳು ತಿರುಗುವ ಜಾಗದಲ್ಲಿ ಸೂಜಿಯಂಥ ರೋಲರ್‌ಗಳ ಬೇರಿಂಗ್ ಇರುತ್ತದೆ. ಅದರ ಗ್ರೀಸ್ ಒಣಗಿ, ನೀರು ಹೊಕ್ಕು ಸವೆದರೆ ತೋಳು ಕಿರುಗುಟ್ಟುತ್ತಾ ಅಲ್ಲಲ್ಲಿ ಹಿಡಿದುಕೊಳ್ಳುತ್ತದೆ, ಗೋಳ ಹೊಸದಿದ್ದರೂ ಸವಾರಿ ಗಡುಸೇ. ಮೊದಲ ದಿನವೇ ಯಾರಾದರೂ ಹಿಂದೆ ನಿಂತು ನೋಡಿದ್ದರೆ ಆ ಎರಡು ಗೋಳ ತರಿಸುವ ಅಗತ್ಯವಿರಲಿಲ್ಲ. ಅಳತೆಗೆ ಸರಿಹೊಂದುವ ಬೇರಿಂಗ್ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲೇ ಸಿಕ್ಕಿತು ಎಂಬುದನ್ನೂ ಹೇಳಬೇಕು.

ಅನುಮಾನ ಉಳಿದಾಗ ಮಾತ್ರ ಒತ್ತಡ ಅಳೆಯುವ ಗೇಜ್ ಜೋಡಿಸಬೇಕು. 250 ಬಾರ್‌ನ ಗೇಜ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಅದಕ್ಕೆ ತಕ್ಕ ಜೋಡಣೆಯನ್ನು ಪೀಣ್ಯದ ಯಾವ ಲೇತ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಅಕ್ಯುಮುಲೇಟರ್ ಕಡೆ ಗೇಜ್ ಇಟ್ಟು, ಎಂಜಿನ್ ನಿಲ್ಲಿಸಿ, ಒತ್ತಡ ಬಿಡುವ ಸ್ಕ್ರೂವನ್ನು ಅತಿ ನಿಧಾನವಾಗಿ ಸಡಿಲಿಸಿದರೆ ಮುಳ್ಳು ಮೆಲ್ಲಗೆ ಇಳಿಯುತ್ತಾ ಬಂದು ಒಂದು ಹಂತದಲ್ಲಿ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಆ ಹಂತವೇ ಗೋಳದೊಳಗಿನ ನೈಟ್ರೋಜನ್ ಒತ್ತಡ. ಈ ಕಾರಿನ ಅಕ್ಯುಮುಲೇಟರ್‌ನಲ್ಲಿ ಅದು 62 ಬಾರ್ ಇರಬೇಕಿತ್ತು, ನಮ್ಮದರಲ್ಲಿ ಮುಳ್ಳು ನಿಲ್ಲಲೇ ಇಲ್ಲ. ಪೊರೆ ಹರಿದಿರದ, ಭರ್ತಿ ಮಾಡುವ ಅನುಕೂಲವಿರುವ ಗೋಳಕ್ಕೆ ಮತ್ತೆ ನೈಟ್ರೋಜನ್ ತುಂಬಬಹುದು. ಪೀಣ್ಯದ ಯಂತ್ರಗಳ ಅಕ್ಯುಮುಲೇಟರ್‌ಗಳಿಗೆ ಈ ಸೇವೆ ಕೊಡುವವರ ಕೈಯಲ್ಲಿ ಇದಕ್ಕೆ ಬೇಕಾದ ಸಿಲಿಂಡರ್, ರೆಗ್ಯುಲೇಟರ್, ಅನುಭವ ಎಲ್ಲವೂ ಇವೆ. ಅದು ಕಡ್ಡಾಯವಾಗಿ ನೈಟ್ರೋಜನ್ನೇ ಆಗಿರಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆಯೆಂದು ಅದನ್ನು ಜೋಡಿಸಿದರೆ ಒತ್ತಡದಲ್ಲಿ ಎಣ್ಣೆಯೂ ಆಕ್ಸಿಜನ್ನೂ ಸೇರಿ ಸ್ಫೋಟವಾಗುತ್ತದೆ.

ಅಪಾಯದ ಇನ್ನೆರಡು ಸಂಗತಿಗಳನ್ನು ಗ್ಯಾರೇಜಿನ ಹುಡುಗರಿಗಾಗಿ ಬರೆಯುತ್ತೇನೆ. ಕಾರನ್ನು ಅದರ ಎತ್ತರ ಬದಲಿಸುವ ಲಿವರ್ ಎಳೆದು ಮೇಲಕ್ಕೆ ಏರಿಸಿ, ಸ್ಟ್ಯಾಂಡ್ ಇಡದೆ ಕೆಳಗೆ ತೂರಬಾರದು. ಒಂದು ಪೈಪು ಸಡಿಲಾದರೆ ಒಂದು ಟನ್ನಿನ ಗಾಡಿ ಎದೆಯ ಮೇಲೆ ಇಳಿಯುತ್ತದೆ. 150 ಬಾರ್ ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ಅದನ್ನು ಬೆರಳಿಂದ ಹುಡುಕಬಾರದು, ಎಣ್ಣೆ ಚರ್ಮ ಸೀಳಿ ಒಳಹೊಕ್ಕು ಬೆರಳನ್ನೇ ಕತ್ತರಿಸುವ ಸ್ಥಿತಿ ತಂದೀತು. ಒಂದು ರಟ್ಟಿನ ತುಂಡು ಹಿಡಿದು ನೋಡಿದರೆ ಸಾಕು.

ಇದು ಒಂದೆರಡು ಸಿಟ್ರೊಯೆನ್ ಮಾಲೀಕರ ಸಮಸ್ಯೆಯಷ್ಟೇ ಅಲ್ಲ. ಹಳೆಯ ಮರ್ಸಿಡಿಸ್ ಎಸ್ಟೇಟ್ ಕಾರುಗಳ ಹಿಂಬದಿಯಲ್ಲಿ ಇದೇ ತತ್ವದ ಪಂಪು, ಗೋಳ, ಎತ್ತರದ ವಾಲ್ವುಗಳಿವೆ. 1965ರಲ್ಲಿ ಬಂದ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ ಸಿಟ್ರೊಯೆನ್‌ನ ಪರವಾನಗಿ ಪಡೆದ ವ್ಯವಸ್ಥೆಯನ್ನು ಬಳಸಿತು, ಆದರೆ ಅದರ ಎಣ್ಣೆ ಬೇರೆ, ಹಸಿರು ತೈಲ ಸುರಿದರೆ ಅದೂ ಹಾಳು. ಹೀಗಾಗಿ ತತ್ವ ಒಂದೇ ಎಂದು ಎಣ್ಣೆಯೂ ಒಂದೇ ಎಂದುಕೊಳ್ಳದೆ ಟ್ಯಾಂಕಿನ ಮುಚ್ಚಳವನ್ನು ಓದಬೇಕು. 1998ರ ನಂತರದ ಟೊಯೊಟಾ ಲ್ಯಾಂಡ್ ಕ್ರೂಸರ್ 100ರ ಕೆಲವು ಗಾಡಿಗಳಲ್ಲಿರುವ ಎತ್ತರ ನಿಯಂತ್ರಣ ವ್ಯವಸ್ಥೆಗಂತೂ ಪರೀಕ್ಷೆ ಇನ್ನೂ ಸುಲಭ. ಗಾಡಿಯನ್ನು ಅತಿ ಎತ್ತರಕ್ಕೂ ಅತಿ ತಗ್ಗಿಗೂ ತಂದು, ಟ್ಯಾಂಕಿನ ಮೇಲಿನ ಗೀಟುಗಳಲ್ಲಿ ಎಣ್ಣೆಯ ಮಟ್ಟ ಎಷ್ಟು ವ್ಯತ್ಯಾಸವಾಯಿತೆಂದು ಎಣಿಸಿದರೆ ಸಾಕು. ಹೊಸ ಗೋಳಗಳಿದ್ದಾಗ ಅದು ಸುಮಾರು 14 ಗೀಟು ಇರುತ್ತದೆ, 7ಕ್ಕೆ ಇಳಿದರೆ ಗೋಳ ಬದಲಿಸುವ ಕಾಲ ಬಂತೆಂದು ಅರ್ಥ.

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಆಮದು ಕಾರಾದರೆ 40,000 ರೂಪಾಯಿ ಶುಲ್ಕವಾಯಿತು. ಇಂಥ ಶುಲ್ಕ ತೆತ್ತು, ಪರೀಕ್ಷೆಗೆ ಒಳಪಡಿಸಿ ಗಾಡಿಯನ್ನು ಉಳಿಸಿಕೊಳ್ಳುವವರು ಅದರ ಮೇಲೆ ಪ್ರೀತಿಯಿದ್ದವರೇ. ಅಂಥವರಿಂದ ಊಹೆಯ ಮೇಲೆ ಒಂದೊಂದೇ ಬಿಡಿಭಾಗದ ಬೆಲೆ ವಸೂಲು ಮಾಡುವುದು ನ್ಯಾಯವಲ್ಲ. ಗ್ಯಾರೇಜಿನವರನ್ನೆಲ್ಲ ನಾನು ದೂರುತ್ತಿಲ್ಲ. ಅವರಲ್ಲಿ ಅನೇಕರು ಇಂಥ ಗಾಡಿಯನ್ನು ವರ್ಷಕ್ಕೊಂದು ಸಲವೂ ನೋಡುವುದಿಲ್ಲ, ಕಲಿಸಿದವರೂ ಇಲ್ಲ. ನಮ್ಮ ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಒಂದು ಅಕ್ಯುಮುಲೇಟರ್, ಒಂದು ಕೈಪಂಪು, ಒಂದು ಗೇಜ್ ಜೋಡಿಸಿದ ಬೆಂಚಿನ ಮೇಲೆ ಎರಡು ದಿನ ಕಲಿಸಿದರೆ ಅವರು ಹಳೆಯ ಕಾರನ್ನಷ್ಟೇ ಅಲ್ಲ, ಜೆಸಿಬಿಯನ್ನೂ ಕಾರ್ಖಾನೆಯ ಪ್ರೆಸ್ಸನ್ನೂ ಅರ್ಥ ಮಾಡಿಕೊಳ್ಳಬಲ್ಲರು. ಮಾಲೀಕರು ಕೂಡ ಯಾವ ಭಾಗವನ್ನಾದರೂ ಬದಲಿಸಲು ಒಪ್ಪುವ ಮೊದಲು ಯಾವ ಪರೀಕ್ಷೆ ಮಾಡಿದಿರಿ, ಎಷ್ಟು ಬಂತು ಎಂದು ಕೇಳಿ, ಅದನ್ನು ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳಬೇಕು.

ಪ್ರಶ್ನೆ ಕೇಳಿದ ಓದುಗರಿಗೆ ನನ್ನದೊಂದು ಕೋರಿಕೆ. ಕಾರನ್ನು ಮಾರುವ ಮಾತು ಸದ್ಯಕ್ಕೆ ಬೇಡ, ಸ್ಪ್ರಿಂಗಿನ ಮಾತು ಎಂದಿಗೂ ಬೇಡ. ಈ ಭಾನುವಾರ ಬೆಳಗ್ಗೆ ಚಾಲೂ ಮಾಡಿ ಹಿಂದು ಮುಂದುಗಳು ಏಳಲು ಹಿಡಿದ ಸಮಯ, ಅಕ್ಯುಮುಲೇಟರ್ ತುಂಬುವ ಮತ್ತು ಖಾಲಿಯಾಗುವ ಸಮಯ, ಯಾವ ಮೂಲೆ ಒತ್ತಿದರೂ ಅಲುಗುವುದಿಲ್ಲ ಎಂಬುದು, ಹಿಂದೆ ನಿಂತು ನೋಡಿದಾಗ ಚಕ್ರಗಳು ನೆಟ್ಟಗಿವೆಯೇ ಎಂಬುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಮ್ಮ ಕಚೇರಿಗೆ ಕಳುಹಿಸಲಿ. ತಾವು ಅದನ್ನು ನನಗೆ ತಲುಪಿಸಿದರೆ ದೋಷ ಎಲ್ಲಿರಬಹುದೆಂದು ಬರೆದು ತಿಳಿಸುತ್ತೇನೆ. ಅವರ ಮನೆ ಬೆಂಗಳೂರಿನಲ್ಲೇ ಇದ್ದರೆ ಗೇಜ್ ತೆಗೆದುಕೊಂಡು ನಾನೇ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹೈಡ್ರಾಲಿಕ್ ತಂತ್ರಜ್ಞ,
ಬಸವನಗುಡಿ, ಬೆಂಗಳೂರು